ಒರೆ ಬಿಡದ ಕತ್ತಿ

ಎಲ್ಲಕ್ಕೂ ಮೂಲ ಚನ್ನರಾಯಪ್ಪನ ಮರದ ಕತ್ತಿ. ಹೋದ ವರ್ಷ ಬೀದಿಯವರ ನಾಟಕದಲ್ಲಿ ಪಾಳೇಗಾರನ ವೇಷ ಹಾಕಿದ್ದ ಅವನು ಗರ್ಜಿಸಿ ಕತ್ತಿ ಬೀಸಿದಾಗ ಅದು ಎರಡು ತುಂಡಾಗಿ, ಒಂದು ತುಂಡು ಹಾರ್ಮೋನಿಯಂ ನುಡಿಸುತ್ತಿದ್ದ ವೆಂಕಟರಾಯಪ್ಪ ಮೇಷ್ಟರ ಮಡಿಲಿಗೆ ಬಿದ್ದಿತ್ತು. ಯುದ್ಧ ಮುಗಿಯುವವರೆಗೂ ಜನ ನಕ್ಕರು. ಈ ವರ್ಷ ಮೇಷ್ಟರು ಕಡ್ಡಿ ಮುರಿದಂತೆ ಹೇಳಿಬಿಟ್ಟರು: "ಯಾರು ನಿಜವಾದ ಕತ್ತಿ ತರ್ತಾರೋ ಅವ್ರಿಗೇ ಪಾಳೇಗಾರನ ಪಾತ್ರ. ಭಾನುವಾರ ಸಾಯಂಕಾಲ ಪ್ರಾಕ್ಟೀಸು."

ಮುನಿಕೃಷ್ಣಪ್ಪನಿಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ. ಮಾಲೂರಿನ ಇಟ್ಟಿಗೆ ಗೂಡಿನಲ್ಲಿ ಮೇಸ್ತ್ರಿಯಾಗಿದ್ದ ಅವನು ಮೀಸೆ ನರೆಯುವ ತನಕ ನಾಟಕದಲ್ಲಿ ಈಟಿ ಹಿಡಿದ ಕಾವಲುಗಾರನಾಗಿಯೇ ನಿಂತವನು. ಅವನಿಗಿದ್ದ ಮಾತು ಒಂದೇ: "ಅಪ್ಪಣೆ, ಪ್ರಭು." ಆದರೆ ಪಾಳೇಗಾರನ ಮಾತುಗಳೆಲ್ಲ ಅವನಿಗೆ ಬಾಯಿಪಾಠ. ಗೂಡಿನ ಬಯಲಿನಲ್ಲಿ ಒಣಗುತ್ತಿದ್ದ ಹಸಿ ಇಟ್ಟಿಗೆಗಳ ಮುಂದೆ ನಿಂತು ಅವನು ಎಷ್ಟೋ ಸಲ ರಾಜ್ಯವಾಳಿದ್ದ. ಹೆಂಡತಿ ಅಕ್ಕಯಮ್ಮ ಮಾತ್ರ ಒಂದು ಸಲವೂ ನಾಟಕ ನೋಡಲು ಬಂದವಳಲ್ಲ. "ಸುಮ್ಮನೆ ನಿಂತಿರೋದನ್ನ ನೋಡೋಕೆ ಅಲ್ಲೀಗಂಟ ಯಾಕೆ ಬರ್ಲಿ? ಮನೇಲೂ ಹಂಗೇ ನಿಂತಿರ್ತೀರಲ್ಲ" ಎನ್ನುತ್ತಿದ್ದಳು.

ಕುಲುಮೆಯ ಕದಿರೇಶ ಲಾರಿಯ ಸ್ಪ್ರಿಂಗ್ ಪಟ್ಟಿ ಕಾಯಿಸಿ ಬಡಿದು ಒಂದು ಅಲಗು ಮಾಡಿಕೊಟ್ಟ. "ಅಲಗು ನಂದು, ಉಳಿದಿದ್ದೆಲ್ಲ ನಿಂದು ಕಣಣ್ಣ" ಎಂದು ಕೈ ತೊಳೆದುಕೊಂಡ. ಹಿಡಿಯಿಲ್ಲ, ಒರೆಯಿಲ್ಲ, ಸುಟ್ಟ ಬದನೆಕಾಯಿಯ ಹಾಗೆ ಕಪ್ಪಗಿತ್ತು.

ಭಾನುವಾರ ಬೆಳಗಾಗುತ್ತಲೇ ಮುನಿಕೃಷ್ಣಪ್ಪ ಅಲಗನ್ನು ಹಲಗೆಗೆ ಕಟ್ಟಿ ಅಂಗಳದಲ್ಲಿ ಕೂತ. ಇಟ್ಟಿಗೆ ಚೂರಿಗೆ ನೀರು ಹಾಕಿ ಉಜ್ಜಿದ. ಆಮೇಲೆ ಉಪ್ಪುಕಾಗದ, ಆಮೇಲೆ ಬೂದಿ, ಎಣ್ಣೆ. ಪಕ್ಕದ ಮನೆಯ ಅಶ್ವತ್ಥಮ್ಮ ಬೇಲಿಯ ಮೇಲಿಂದ ಇಣುಕಿ, "ಹೆಂಗೂ ಕೂತಿದೀಯಲ್ಲ, ನನ್ನ ಈಳಿಗೆಮಣೇನೂ ಒಂದು ಕೈ ನೋಡಪ್ಪ" ಎಂದು ತಂದಿಟ್ಟಳು. ಅದೂ ಮುಗಿಯಿತು. ಅಷ್ಟರಲ್ಲಿ ರಿಟೈರಾದ ಪೇದೆ ಗಂಗುಲಪ್ಪ ಬಂದ.

"ಏಮಯ್ಯಾ, ಇದೇನಿದು? ಎಮರ್ಜೆನ್ಸಿ ಹೋದ್ರೂ ಆಯುಧದ ಕಾನೂನು ಹೋಗಿಲ್ಲ. ಹಿರಿದ ಕತ್ತಿ ಸ್ಟೇಜ್ ಮೇಲೆ ಬಂದ್ರೆ, ನೀನು ಸ್ಟೇಷನ್ನಿಗೆ ಹೋಗ್ಬೇಕಾಗುತ್ತೆ."

"ನಾಟಕದ ಕತ್ತಿ ಗಂಗುಲಪ್ಪಣ್ಣ!"

"ಹರಿತ ಇದೆಯಲ್ಲ?" ಎನ್ನುತ್ತ ಗಂಗುಲಪ್ಪ ಬೆರಳಿಟ್ಟು ನೋಡಿದ. ಬೆರಳಿಗೆ ಬಟ್ಟೆ ಸುತ್ತಿಸಿಕೊಂಡ ಮೇಲೂ ಹೊರಡಲಿಲ್ಲ. ಜಗಲಿಯ ಮೇಲೆ ಕೂತು ಸಲಹೆ ಶುರುಮಾಡಿದ.

ಮಧ್ಯಾಹ್ನದ ಹೊತ್ತಿಗೆ ಅಲಗಿನಲ್ಲಿ ಮುನಿಕೃಷ್ಣಪ್ಪನ ಮುಖ ಕಂಡಿತು. ಮೀಸೆ ತಿರುವಿ ನೋಡಿಕೊಂಡ. ಪಾಳೇಗಾರನೇ! ಮರದ ಹಿಡಿ ಕೂರಿಸಿ ದಾರ ಬಿಗಿದ. ಒರೆಗೆಂದು ಎರಡು ಹಲಗೆ ತೆಗೆದುಕೊಂಡು, ಅಲಗಿನ ಅಳತೆಗೆ ಇದ್ದಿಲಲ್ಲಿ ಗೆರೆ ಎಳೆದು, ಒಳಗೆ ಉಳಿಯಿಂದ ಕೆತ್ತಿದ. ಅಕ್ಕಯಮ್ಮ ಒಳಗಿನಿಂದ ತನ್ನ ಮದುವೆಯ ಕೆಂಪು ಮಖಮಲ್ಲಿನ ಕುಪ್ಪಸ ತಂದು ಮುಂದಿಟ್ಟಳು. "ಹೆಂಗೂ ನಂಗೀಗ ಬಿಗಿ, ಆಗಲ್ಲ" ಎಂದು ಅಡುಗೆಮನೆಗೆ ಹೋದಳು. ಅವನು ಮೆಲ್ಲಗೆ ಅದರ ಹೊಲಿಗೆ ಬಿಚ್ಚಿದ.

ಇನ್ನು ಎರಡು ಹಲಗೆ ಅಂಟಿಸಬೇಕು. ಬಡಗಿಗಳು ಬಳಸುವ, ಮೂಳೆ ಚರ್ಮದಿಂದ ಮಾಡಿದ ಅಂಟು ಮರವಜ್ರವನ್ನು ಡಾಲ್ಡಾ ಡಬ್ಬದಲ್ಲಿ ಕುದಿಸಿದ. ಆ ನಾತಕ್ಕೆ ಬೀದಿನಾಯಿಗಳೆಲ್ಲ ನೆಂಟರ ಹಾಗೆ ಬಂದು ಬಾಗಿಲಲ್ಲಿ ಕೂತವು.

"ಕತ್ತಿ ಒಳಗಿಟ್ಟೇ ಅಂಟಿಸಯ್ಯ. ಇಲ್ದಿದ್ರೆ ಒರೆ ಸೊಟ್ಟಗಾಗುತ್ತೆ" ಎಂದ ಗಂಗುಲಪ್ಪ.

ಮಾತು ಸರಿಯೆನಿಸಿತು. ಹಾಗೇ ಅಂಟಿಸಿ, ಹಗ್ಗ ಬಿಗಿದು, ಮಖಮಲ್ಲು ಸುತ್ತಿ ಬಿಸಿಲಿಗಿಟ್ಟ. ಒರೆ ಮದುವಣಗಿತ್ತಿಯ ಹಾಗೆ ಮಿರುಗಿತು. ಆದರೆ ಸಾಯಂಕಾಲ ಕತ್ತಿ ಎಳೆದರೆ ಬರಲಿಲ್ಲ. ಅಂಟೆಲ್ಲ ಒಳಕ್ಕಿಳಿದು ಕಲ್ಲಾಗಿತ್ತು. ಗಂಗುಲಪ್ಪ ಒರೆ ಹಿಡಿದ, ಮುನಿಕೃಷ್ಣಪ್ಪ ಹಿಡಿ ಎಳೆದ, ಅಶ್ವತ್ಥಮ್ಮ ಮುನಿಕೃಷ್ಣಪ್ಪನನ್ನೇ ಎಳೆದಳು. ಮೂವರೂ ಒಟ್ಟಿಗೆ ಬಿದ್ದರೇ ಹೊರತು ಕತ್ತಿ ಅಲುಗಲಿಲ್ಲ.

ಬೇರೆ ದಾರಿ ಕಾಣದೆ ಹಾಗೇ ಸೊಂಟಕ್ಕೆ ಕಟ್ಟಿಕೊಂಡು ಪ್ರಾಕ್ಟೀಸಿಗೆ ಹೋದ. ಕಾನೂನು ಹೇಳುತ್ತ ಗಂಗುಲಪ್ಪನೂ ಹಿಂದೆಯೇ ಬಂದ. ಹೇಗಾದರೂ ಕೊನೇ ಗಳಿಗೆಯಲ್ಲಿ ಬಂದೀತು ಎಂಬ ಆಸೆ.

"ಆಹಾ, ಒರೆ ನೋಡ್ರೋ! ಎಲ್ಲಿ, ಕತ್ತೀನ ಹಿರಿ ನೋಡೋಣ" ಎಂದರು ಮೇಷ್ಟರು.

ಮುನಿಕೃಷ್ಣಪ್ಪ ಎದೆಯುಬ್ಬಿಸಿ, "ಎಲೈ ದುರುಳಾ!" ಎಂದು ಗುಡುಗಿ ಎಳೆದ. ಕತ್ತಿಯ ಜೊತೆ ಒರೆ, ಒರೆಯ ಜೊತೆ ನಡುಕಟ್ಟು, ನಡುಕಟ್ಟಿನ ಜೊತೆ ಪಂಚೆಯೂ ಬಂತು. ಪಟ್ಟಾಪಟ್ಟಿ ಚಡ್ಡಿಯಲ್ಲಿ ನಿಂತ ಪಾಳೇಗಾರನನ್ನು ಕಂಡು ಜನ ಬಿದ್ದು ಬಿದ್ದು ನಕ್ಕರು. ಮೇಷ್ಟರು ಕಣ್ಣೊರೆಸಿಕೊಳ್ಳುತ್ತ ಎದ್ದು ಬಂದು ಅವನ ಭುಜ ಹಿಡಿದರು.

"ಇದೇ ಬೇಕಾಗಿತ್ತು ಕಣೋ ನಂಗೆ! ಪುಕ್ಕಲು ದಳವಾಯಿ. ಯುದ್ಧ ಅಂದಾಗೆಲ್ಲ ಎಳೀತಾನೆ, ಕತ್ತಿ ಬರಲ್ಲ. ಎರಡು ಪುಟ ಮಾತು ಬರೆದುಕೊಡ್ತೀನಿ. ಗಂಗುಲಪ್ಪನೂ ಏನೂ ಅನ್ನೋಹಂಗಿಲ್ಲ. ಹೊರಗೆ ಬರ್ದೇ ಇರೋ ಕತ್ತಿಗೆ ಯಾವ ಕಾನೂನು?"

"ಪಾಳೇಗಾರ ಯಾರು ಮೇಷ್ಟ್ರೇ?"

"ಚನ್ನರಾಯಪ್ಪನೇ. ಈ ಸಲ ಮರದ ಕತ್ತಿ ದಪ್ಪಗೆ ಮಾಡಿಸೋಣ."

ದೀಪ ಹಚ್ಚುವ ಹೊತ್ತಿಗೆ ಮುನಿಕೃಷ್ಣಪ್ಪ ಮನೆಗೆ ಬಂದ.

"ಸಿಕ್ತೇನ್ರೀ ಪಾತ್ರ?"

"ಸಿಕ್ತು. ಎರಡು ಪುಟ ಮಾತಿದೆ" ಎಂದು ನಡೆದದ್ದನ್ನು ಹೇಳಿದ. ಅಕ್ಕಯಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. "ಈ ಸಲ ನಾನೂ ಬರ್ತೀನಿ" ಎಂದಳು. ಆಮೇಲೆ ಕತ್ತಿಯನ್ನು ಅವನ ಕೈಯಿಂದ ತೆಗೆದುಕೊಂಡು, "ಕುದಿಸಿ ಹಾಕಿದ ಅಂಟು ಅಲ್ವಾ, ಬಿಸಿಗೆ ಬಿಡಬೌದು" ಎನ್ನುತ್ತ ಒಲೆಯ ಪಕ್ಕ ಹಿಡಿದು ನಿಧಾನವಾಗಿ ತಿರುಗಿಸಿದಳು.

ಸ್ವಲ್ಪ ಹೊತ್ತಿನಲ್ಲಿ ಕತ್ತಿ, ಬೆಣ್ಣೆಯಿಂದ ಜಾರಿದ ಹಾಗೆ, ಹೊರಗೆ ಬಂತು. ಅಂಟು ಒರೆಸಿದರೆ ಅಲಗಿನ ತುಂಬ ಒಲೆಯ ಬೆಂಕಿ.

ಮುನಿಕೃಷ್ಣಪ್ಪ ಎದ್ದು ನಿಂತು ಕತ್ತಿ ಎತ್ತಿ ಹಿಡಿದ. ಇಟ್ಟಿಗೆಗಳ ಮುಂದೆ ಆಡಿದ ಮಾತುಗಳನ್ನು ಮೆಲ್ಲಗೆ, ಮೊದಲಿಂದ ಕೊನೆಯವರೆಗೆ ಹೇಳಿದ. ಅಕ್ಕಯಮ್ಮ ಸೌಟು ಕೈಯಲ್ಲಿ ಹಿಡಿದೇ ಕೇಳುತ್ತ ನಿಂತಳು. ಒಲೆಯ ಮೇಲೆ ಸಾರು ಉಕ್ಕಿ ಹೋದದ್ದು ಇಬ್ಬರಿಗೂ ತಿಳಿಯಲಿಲ್ಲ.

ಮಾತು ಮುಗಿಯಿತು. ಅವನು ಕತ್ತಿಯನ್ನು ಮತ್ತೊಮ್ಮೆ ನೋಡಿ ಒರೆಯೊಳಗೆ ಇಳಿಸಿದ.

"ಡಬ್ಬದಲ್ಲಿ ಮರವಜ್ರ ಇನ್ನೂ ಉಳಿದಿದೆಯೇನೇ?" ಎಂದು ಕೇಳಿದ.