ಭರಣಿ ತೊಳೆದ ಭಾನುವಾರ

ಮೊಸರಿನ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂದು ತಿಳಿದಿದ್ದೆ. ಯಾಕೆಂದರೆ, ಪಾಠ ಹೇಳುವವನೇ ನಾನು! ಸೀತಾಂಗೋಳಿಯ ಹತ್ತಿರದ ಒಂದು ಕನ್ನಡ ಶಾಲೆಯಲ್ಲಿ ಇಪ್ಪತ್ತಾರು ವರ್ಷಗಳಿಂದ ವಿಜ್ಞಾನ ಕಲಿಸುತ್ತಿದ್ದೇನೆ. ಹಾಲು ಮೊಸರಾಗುವ ಪಾಠ ಪ್ರತಿವರ್ಷ ಬರುತ್ತದೆ. ಹಾಲನ್ನು ಮೊಸರು ಮಾಡುವ ಬ್ಯಾಕ್ಟೀರಿಯಾದ ಚಿತ್ರವನ್ನು ಕಣ್ಣು ಮುಚ್ಚಿ ಬೋರ್ಡಿನ ಮೇಲೆ ಬಿಡಿಸಬಲ್ಲೆ.

ಹೀಗಿರುವಾಗ ಒಂದು ದಿನ ಮಂಗಳೂರಿನ ಅಂಗಡಿಯೊಂದರಲ್ಲಿ ನನ್ನ ಹೆಂಡತಿ ಶಶಿಕಲಾ ‘ಫ್ರೋಜನ್ ಯೋಗರ್ಟ್’ ಎಂಬ ತಣ್ಣನೆಯ ಪದಾರ್ಥವನ್ನು ತಿಂದು ಕಣ್ಣರಳಿಸಿದಳು.

“ಎಷ್ಟು ಲಾಯ್ಕುಂಟು ಅಲ್ವಾ!”

“ಇದರಲ್ಲಿ ಎಂತ ಉಂಟು ಶಶಿ? ಮೊಸರು, ಹಣ್ಣು, ಜೇನು. ಇದನ್ನು ನಾನೇ ಮನೆಯಲ್ಲಿ ಮಾಡಿ ಕೊಡ್ತೇನೆ.”

“ನೀವಾ?”

ಅವಳು ಕೇಳಿದ್ದು ಅಷ್ಟೇ. ಆ ಎರಡಕ್ಷರ ಮನೆಗೆ ಬರುವವರೆಗೂ ನನ್ನ ಕಿವಿಯಲ್ಲೇ ಕೂತಿತ್ತು.

ಅವಕಾಶ ಬಂದದ್ದು ಜುಲೈ ತಿಂಗಳ ಒಂದು ಭಾನುವಾರ. ಕುಂಬಳೆಯಲ್ಲಿ ಅವಳ ಸಂಬಂಧಿಕರ ಮನೆಯ ಗೃಹಪ್ರವೇಶ. ನನಗೆ ಎಂಟನೇ ತರಗತಿಯ ಕ್ಲಾಸ್ ಟೆಸ್ಟಿನ ಪೇಪರು ತಿದ್ದುವ ಕೆಲಸವಿದೆ ಎಂದು ಹೇಳಿ ಮನೆಯಲ್ಲೇ ಉಳಿದೆ. ಶಶಿ ಹೊರಟ ಬಸ್ಸಿನ ಸದ್ದು ಅಡಗುವ ಮೊದಲೇ ಅಡುಗೆಮನೆ ಪ್ರವೇಶಿಸಿದೆ. ಅಲ್ಲಿ ಗೃಹಪ್ರವೇಶ, ಇಲ್ಲಿ ಪಾಕಪ್ರವೇಶ!

ಫೋನಿನ ವಿಡಿಯೋದಲ್ಲಿ ಒಬ್ಬಳು ಹುಡುಗಿ ನಗುನಗುತ್ತಾ ಎಲ್ಲವನ್ನೂ ವಿವರಿಸಿದ್ದಳು. ಮೂರೇ ಸಾಮಗ್ರಿ, ಐದೇ ನಿಮಿಷದ ಕೆಲಸ. ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ನೀರು ಇಳಿಸಬೇಕು. ಸ್ಟ್ರಾಬೆರಿ, ಜೇನು ಸೇರಿಸಿ ರುಬ್ಬಬೇಕು. ಫ್ರೀಜರಿನಲ್ಲಿಟ್ಟು ಅರ್ಧ ಗಂಟೆಗೊಮ್ಮೆ ಕಲಕಬೇಕು. ಸ್ಟ್ರಾಬೆರಿಗೆ ಬದಲಾಗಿ ನಮ್ಮಲ್ಲಿ ಗಟ್ಟಿ ತೊಳೆಯ ಬಕ್ಕೆ ಹಲಸಿನ ಹಣ್ಣಿತ್ತು, ಆ ವರ್ಷದ ಕೊನೆಯದು. ಮಳೆ ಬಿದ್ದ ಮೇಲಿನ ಹಲಸು ಸಪ್ಪೆ ಎನ್ನುತ್ತಾರೆ. ಆದರೆ ಪರಿಮಳಕ್ಕೇನೂ ಕೊರತೆ ಇರಲಿಲ್ಲ. ಬೆಳ್ಳೂರಿನ ಭಾವ ಕೊಟ್ಟ ಜೇನೂ ಇತ್ತು.

ಕೊರತೆ ಬಿದ್ದದ್ದು ಮೊಸರಿಗೆ. ನನ್ನ ಊಟಕ್ಕೆಂದು ಶಶಿ ಇಟ್ಟುಹೋದ ಮೊಸರನ್ನು ಪೂರ್ತಿ ಸುರಿದರೂ ಹುಡುಗಿ ಹೇಳಿದ ಅಳತೆ ತುಂಬಲಿಲ್ಲ. ಫ್ರಿಜ್ಜಿನ ಮೂಲೆಮೂಲೆಯನ್ನೂ ಶೋಧಿಸಿದೆ. ಹಿಂದಿನ ಮೂಲೆಯಲ್ಲಿ, ಉಪ್ಪಿನಕಾಯಿ ಬಾಟಲಿಯ ಮರೆಯಲ್ಲಿ, ಒಂದು ಪುಟ್ಟ ಪಿಂಗಾಣಿ ಭರಣಿ. ಮುಚ್ಚಳ ತೆಗೆದರೆ ಒಳಗೆ ಒಂದು ಸೌಟಿನಷ್ಟು ಗಟ್ಟಿ ಮೊಸರು!

“ಇಷ್ಟನ್ನು ಇಲ್ಲಿ ಮರೆತುಬಿಟ್ಟಿದ್ದಾಳೆ ಪಾಪ” ಎಂದುಕೊಂಡೆ.

ಒಂದು ಹನಿಯೂ ಪೋಲಾಗದಂತೆ ಬೆರಳು ಹಾಕಿ ಬಳಿದೆ. ಅಷ್ಟಕ್ಕೇ ಬಿಡಲಿಲ್ಲ. ಗಂಡಸರು ಅಡುಗೆಮನೆಗೆ ಹೊಕ್ಕರೆ ಪಾತ್ರೆ ತೊಳೆಯುವುದಿಲ್ಲ ಎಂಬ ಶಾಶ್ವತ ಆರೋಪವನ್ನು ನಿವಾರಿಸುವ ಸದುದ್ದೇಶದಿಂದ ಆ ಭರಣಿಯನ್ನು ಸೋಪು ಹಾಕಿ ತಿಕ್ಕಿ, ಬಿಸಿನೀರಿನಲ್ಲಿ ಎರಡು ಸಲ ತೊಳೆದು, ಒರಸಿ, ಮೊದಲಿದ್ದ ಜಾಗದಲ್ಲೇ ಇಟ್ಟೆ. ಇಡೀ ದಿನದಲ್ಲಿ ನಾನು ಅಚ್ಚುಕಟ್ಟಾಗಿ ಮಾಡಿದ ಕೆಲಸ ಅದೊಂದೇ.

ಬಟ್ಟೆ ಸಿಗಲಿಲ್ಲ. ಕಪಾಟಿನಲ್ಲಿದ್ದ, ಮೈ ಒರಸುವ ಹೊಸ ಬೈರಾಸಿನಲ್ಲಿ ಮೊಸರನ್ನು ಕಟ್ಟಿ, ಕ್ಯಾಲೆಂಡರ್ ಇಳಿಸಿ ಅದರ ಮೊಳೆಗೆ ನೇತು ಹಾಕಿದೆ. ನೀರು ಕೆಳಗಿಟ್ಟ ಪಾತ್ರೆಗೆ ಬೀಳಬೇಕಿತ್ತು. ಅದು ಗೋಡೆಗುಂಟ ಇಳಿದು ಅಕ್ಕಿ ಡಬ್ಬಿಯ ಕಡೆಗೆ ಪ್ರಯಾಣ ಬೆಳೆಸಿತು! ನೆಲ ಒರಸಿದೆ. ಆಮೇಲೆ ಹಲಸು, ಜೇನು ಸೇರಿಸಿ ಮಿಕ್ಸಿ ಹಾಕಿದೆ. ಮುಚ್ಚಳ ಸರಿಯಾಗಿ ಕೂತಿರಲಿಲ್ಲ ಎಂಬುದು ನನಗೆ ತಿಳಿದದ್ದು ಕನ್ನಡಕದ ಮೂಲಕ. ಎರಡು ಗಾಜಿನ ಮೇಲೂ ಹಲಸಿನ ಹಣ್ಣು! ಉಳಿದದ್ದನ್ನು ಸ್ಟೀಲಿನ ಬೋಗುಣಿಗೆ ಹಾಕಿ ಫ್ರೀಜರಿನಲ್ಲಿಟ್ಟು, ಪೇಪರು ತಿದ್ದಲು ಕೂತೆ.

ಅರ್ಧ ಗಂಟೆಗೊಮ್ಮೆ ಕಲಕಬೇಕು ಎಂದಿತ್ತಲ್ಲ, ಅದನ್ನು ಮರೆಸಿದ್ದೇ ಆ ಪೇಪರುಗಳು. ‘ಹಾಲು ಮೊಸರಾಗುವುದು ಹೇಗೆ?’ ಎಂಬ ಪ್ರಶ್ನೆಗೆ ಮಕ್ಕಳು ಬರೆದ ಉತ್ತರಗಳಲ್ಲಿ ಮುಳುಗಿಹೋದೆ. ಒಬ್ಬಳು ಹೀಗೆ ಬರೆದಿದ್ದಳು: ‘ಮೊಸರು ಆಗಬೇಕಾದರೆ ಹೆಪ್ಪು ಬೇಕು. ಅದಕ್ಕೆ ನನ್ನ ಅಮ್ಮ ಎಷ್ಟು ಜನ ಊಟಕ್ಕೆ ಬಂದರೂ ಸ್ವಲ್ಪ ಮೊಸರು ತೆಗೆದಿಡುತ್ತಾರೆ.’ ಬ್ಯಾಕ್ಟೀರಿಯಾದ ಸುದ್ದಿಯೇ ಇಲ್ಲ! ಎರಡರಲ್ಲಿ ಒಂದು ಅಂಕ ಕತ್ತರಿಸಿ, ಕೆಂಪು ಶಾಯಿಯಲ್ಲಿ ‘ಮನೆಯ ವಿಚಾರ ಬೇಡ’ ಎಂದು ಬರೆದೆ.

ಸಂಜೆ ಐದೂವರೆಗೆ ಶಶಿ ಬಂದಳು. ಅವಳನ್ನು ಕುರ್ಚಿಯಲ್ಲಿ ಕೂರಿಸಿ, ಬೋಗುಣಿಯನ್ನು ತಂದು ಮುಂದಿಟ್ಟೆ.

“ತಗೊ, ಮಂಗಳೂರೇ ಮನೆಗೆ ಬಂದಿದೆ!”

ಅವಳು ಚಮಚ ಹಾಕಿದಳು. ಚಮಚ ಬಗ್ಗಿತು. ನಾನು ಹಾಕಿದೆ. ನನ್ನದೂ ಬಗ್ಗಿತು. ಬೋಗುಣಿಯನ್ನು ಮಗುಚಿ ತಟ್ಟಿದಾಗ ಒಳಗಿನದ್ದು ಇಡಿಯಾಗಿ ಠಣ್ಣೆಂದು ತಟ್ಟೆಗೆ ಬಿತ್ತು.

“ಇದನ್ನು ತಿನ್ಲಿಕ್ಕಾ, ಮೆಟ್ಟಿಲು ಕಟ್ಲಿಕ್ಕಾ?” ಎಂದು ಶಶಿ ಕೇಳಿದಳು.

ಆದರೆ ಅವಳು ಸೋಲುವವಳಲ್ಲ. ಹೆರೆಮಣೆ ಎಳೆದು ಕೂತು, ಆ ಗಡ್ಡೆಯನ್ನು ತೆಂಗಿನ ಕಡಿಯಂತೆ ಹಿಡಿದು ಹೆರೆಯತೊಡಗಿದಳು. ಹಳದಿ ತುರಿ ತಟ್ಟೆಗೆ ಉದುರಿತು. ಇಬ್ಬರೂ ಬಾಯಿಗೆ ಹಾಕಿಕೊಂಡೆವು. ತಣ್ಣಗೆ, ಸಿಹಿಯಾಗಿ, ಹಿಂದಿನಿಂದ ಸಣ್ಣ ಹುಳಿ. ಹೊಸ ಬೈರಾಸಿನ ವಾಸನೆ ಸ್ವಲ್ಪ ಇತ್ತು, ಅಷ್ಟೆ.

“ಲಾಯ್ಕಾಗಿದೆ ಮಾರಾಯ್ರೆ! ನಿಜವಾಗಿಯೂ” ಎಂದಳು. ನನಗೆ ರಾಜ್ಯ ಪ್ರಶಸ್ತಿ ಬಂದಷ್ಟು ಸಂತೋಷವಾಯಿತು. ಆ ಸಂತೋಷದ ಆಯುಷ್ಯ ಸುಮಾರು ಮುಕ್ಕಾಲು ಗಂಟೆ.

ಹಾಲು ಕಾಯಿಸಿ, ಆರಿಸಿ, ಶಶಿ ಫ್ರಿಜ್ಜು ತೆರೆದಳು. ಬಾಗಿಲು ಮುಚ್ಚಿದ ಸದ್ದು ಬರಲಿಲ್ಲ. ಹೋಗಿ ನೋಡಿದರೆ ಥಳಥಳ ಹೊಳೆಯುವ ಭರಣಿಯನ್ನು ಕೈಯಲ್ಲಿ ಹಿಡಿದು ನಿಂತಿದ್ದಾಳೆ.

“ಇದರಲ್ಲಿದ್ದ ಹೆಪ್ಪು ಎಲ್ಲಿ?”

“ಹೆಪ್ಪಾ? ಅದು… ಸ್ವಲ್ಪ ಮೊಸರಿತ್ತು. ಅದನ್ನೂ ಹಾಕಿದೆ. ಭರಣಿ ತೊಳೆದೂ ಇಟ್ಟೆ” ಎಂದೆ, ಕೊನೆಯ ವಾಕ್ಯಕ್ಕಾದರೂ ಮೆಚ್ಚುಗೆ ಸಿಗಬಹುದೆಂಬ ಆಸೆಯಿಂದ.

ಅವಳು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. “ಅಮ್ಮ ಕೊಟ್ಟ ಹೆಪ್ಪು ಅದು” ಎಂದಳು ಮೆಲ್ಲಗೆ.

ಆಗ ನೆನಪಾಯಿತು. ಮದುವೆಯಾಗಿ ನಮ್ಮ ಮನೆಗೆ ಬರುವಾಗ ಶಶಿಯ ಮಡಿಲಲ್ಲಿ ಈ ಭರಣಿಯಿತ್ತು. ಬೆಳ್ಳೂರಿನ ಅತ್ತೆ ತಮ್ಮ ಮನೆಯ ಮೊಸರು ತುಂಬಿ ಕೊಟ್ಟಿದ್ದರು. ಅಂದಿನಿಂದ ಇಪ್ಪತ್ತನಾಲ್ಕು ವರ್ಷ ಒಂದು ದಿನವೂ ತಪ್ಪದೆ ಇವತ್ತಿನ ಮೊಸರಿನಿಂದ ನಾಳೆಯ ಮೊಸರು. ಅತ್ತೆ ತೀರಿಹೋಗಿ ಆರು ವರ್ಷವಾಯಿತು. ಅವರ ಕೈಯ ಮೊಸರು ಮಾತ್ರ ನಮ್ಮ ಮನೆಯಲ್ಲಿ ಉಳಿದಿತ್ತು. ಅದನ್ನು ನಾನು ಸೋಪು ಹಾಕಿ ತೊಳೆದಿದ್ದೆ!

ಪಕ್ಕದ ಮನೆಯ ಕಮಲಕ್ಕ ವರ್ಷವರ್ಷವೂ ಶಶಿಯಿಂದಲೇ ಹೆಪ್ಪು ಒಯ್ಯುತ್ತಿದ್ದರು. ಅವರಲ್ಲಿ ಇದ್ದೇ ಇರಬೇಕು! ಲೋಟ ಹಿಡಿದು ಓಡಿದೆ. ಕಮಲಕ್ಕ ಆಗಷ್ಟೇ ದೀಪ ಹಚ್ಚಿ ಹೊರಗೆ ಬಂದಿದ್ದರು.

“ಕಮಲಕ್ಕಾ, ಒಂದು ಚಮಚ ಹೆಪ್ಪು ಬೇಕಿತ್ತು.”

“ಎಂತ ಮಾಷ್ಟ್ರೇ, ದೀಪ ಇಟ್ಟ ಮೇಲೆ ಹಾಲು ಮೊಸರು ಹೊರಗೆ ಕೊಡ್ಲಿಕ್ಕುಂಟಾ? ಲಕ್ಷ್ಮಿ ಹೋಗ್ತಾಳೆ.”

“ಅದೆಲ್ಲ ಮೂಢನಂಬಿಕೆ ಕಮಲಕ್ಕ. ವಿಜ್ಞಾನದ ಪ್ರಕಾರ…”

“ವಿಜ್ಞಾನ ಗೊತ್ತಿದ್ದವರು ಲೋಟ ಹಿಡ್ಕೊಂಡು ಯಾಕೆ ಬಂದದ್ದು?”

ನಡೆದದ್ದನ್ನೆಲ್ಲ ಒಪ್ಪಿಸಿದೆ. ಕಮಲಕ್ಕ ಗಲ್ಲಕ್ಕೆ ಕೈಯಿಟ್ಟರು. ಮತ್ತೆ ಸ್ವರ ತಗ್ಗಿಸಿದರು.

“ನಿಮ್ಮ ಮನೆಯ ಹೆಪ್ಪು ಈಗ ನಮ್ಮಲ್ಲಿಲ್ಲ ಮಾಷ್ಟ್ರೇ. ಹುಳಿಯಾಯ್ತೂಂತ ಚೆಲ್ಲಿದೆ. ಈಗ ಇರುವುದು ಪ್ಯಾಕೆಟಿನದ್ದು. ಶಶಿಯಕ್ಕನತ್ರ ಹೇಳ್ಬೇಡಿ ಆಯ್ತಾ?”

ಖಾಲಿ ಲೋಟದೊಂದಿಗೆ ಹಿಂದಿರುಗುವಾಗ, ನಮ್ಮ ಗೇಟಿನ ಹತ್ತಿರ, ನನ್ನ ತಲೆಯಲ್ಲಿ ಪಾಠಪುಸ್ತಕ ತೆರೆದುಕೊಂಡಿತು. ಶೀತದಲ್ಲಿ ಬ್ಯಾಕ್ಟೀರಿಯಾಗಳು ಎಲ್ಲವೂ ಸಾಯುವುದಿಲ್ಲ, ನಿದ್ರಾವಸ್ಥೆಯಲ್ಲಿರುತ್ತವೆ! ಹೆರೆದು ಉಳಿದ ಅರ್ಧ ಗಡ್ಡೆ ಮನೆಯಲ್ಲೇ ಇದೆ! ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದೆನಲ್ಲ! ಅಂಗಳದಿಂದಲೇ ಕೂಗಿದೆ.

“ಶಶಿ! ಒಂದು ಉಪಾಯ ಉಂಟು! ಆ ಗಡ್ಡೆ ಕರಗಿದ ಮೇಲೆ ಒಂದು ಚಮಚ…”

“ಹಾಕಿ ಆಯ್ತು” ಎಂದಳು ಶಶಿ ಒಳಗಿನಿಂದ. “ನೀವು ಗೇಟು ದಾಟುವಾಗಲೇ ಹಾಕಿದೆ.”

“ಅದು ಸತ್ತಿಲ್ಲ ಅಂತ ನಿನಗೆ ಹೇಗೆ ಗೊತ್ತಾಯ್ತು?”

“ಇಷ್ಟು ವರ್ಷ ಫ್ರಿಜ್ಜಿನ ಕೆಳಗಿನ ತಟ್ಟಿನಲ್ಲಿ ಬದುಕಿದ್ದು, ಒಂದು ದಿನ ಮೇಲೆ ಹೋಗಿ ಕೂತದ್ದಕ್ಕೆ ಸಾಯ್ತದಾ?”

ಮರುದಿನ ಬೆಳಿಗ್ಗೆ ಇಬ್ಬರೂ ಒಟ್ಟಿಗೆ ಪಾತ್ರೆಯ ಮುಚ್ಚಳ ತೆಗೆದೆವು. ಹಾಲು ಮೊಸರಾಗಿತ್ತು! ಗಟ್ಟಿಯಾಗಿ, ನುಣ್ಣಗೆ, ಎಂದಿನ ಹಾಗೆ. ಶಶಿ ಭರಣಿಗೆ ಒಂದು ಸೌಟು ತೆಗೆದಿಟ್ಟು, ಸೆರಗಿನಿಂದ ಕಣ್ಣೊರಸಿಕೊಂಡು, ನನ್ನನ್ನು ನೋಡಿ ನಕ್ಕಳು. ನನಗೂ ಜೀವ ಬಂತು. ಒಂದೇ ವಿಶೇಷವೆಂದರೆ ಮೊಸರಿಗೆ ಹಲಸಿನ ಹಣ್ಣಿನ ಪರಿಮಳ. ಮೂರು ದಿನ ನಮ್ಮ ಮಜ್ಜಿಗೆಗೂ ತಂಬುಳಿಗೂ ಅದೇ ಪರಿಮಳ. ಊಟಕ್ಕೆ ಕೂತಾಗಲೆಲ್ಲ ಶಶಿ ಮೂಗೆಳೆದು, “ಆಹಾ, ಮಂಗಳೂರು!” ಎನ್ನುತ್ತಿದ್ದಳು.

ಆ ಸೋಮವಾರ ಶಾಲೆಗೆ ಹೊರಡುವ ಮೊದಲು ನಾನು ಪೇಪರಿನ ಕಟ್ಟು ಬಿಚ್ಚಿ, ಆ ಹುಡುಗಿಯ ಉತ್ತರ ಹುಡುಕಿ, ‘ಮನೆಯ ವಿಚಾರ ಬೇಡ’ ಎಂಬುದನ್ನು ಹೊಡೆದುಹಾಕಿ, ಎರಡಕ್ಕೆ ಎರಡು ಅಂಕ ಕೊಟ್ಟೆ. ಬಗ್ಗಿ ನೋಡುತ್ತಿದ್ದ ಶಶಿ ಕೇಳಿದಳು.

“ಈ ಪ್ರಶ್ನೆಗೆ ನಿಮಗೆ ಎಷ್ಟು ಕೊಡಬಹುದು?”

“ಭರಣಿ ಚೆನ್ನಾಗಿ ತೊಳೆದದ್ದಕ್ಕೆ ಅರ್ಧ ಅಂಕವಾದರೂ ಇಲ್ವಾ?”

“ಅದಕ್ಕೇ ಸೊನ್ನೆ!” ಎಂದಳು.