ಎದೆಯ ಮೇಲಿನ ಪೈಪಿನಂಗಡಿ

ಹೊಟ್ಟೆಕಿಚ್ಚು ಇಲ್ಲದವರು ಯಾರಾದರೂ ಇದ್ದರೆ ಅವರ ಕಾಲಿಗೆ ಬೀಳಲು ನಾನು ಸಿದ್ಧ. ಬಿದ್ದು ಏಳುವಾಗ ಅವರ ಮೇಲೂ ಸ್ವಲ್ಪ ಹೊಟ್ಟೆಕಿಚ್ಚು ಪಟ್ಟೇ ಏಳುತ್ತೇನೆ, ಅದು ಬೇರೆ ಮಾತು. ಪಕ್ಕದ ಮನೆಯವರ ಕಾರು, ದಾಯಾದಿಯ ಸೈಟು, ಇವೆಲ್ಲ ನನ್ನನ್ನು ಅಷ್ಟಾಗಿ ಬಾಧಿಸುವುದಿಲ್ಲ. ನನ್ನ ಹೊಟ್ಟೆ ಉರಿಸುವ ಗುತ್ತಿಗೆಯನ್ನು ಇಡಿಯಾಗಿ ಹಿಡಿದಿರುವವನು ಶ್ರೀನಿವಾಸಪುರದ ಚಲಪತಿಯೊಬ್ಬನೇ.

ನಾನು ಮಾಲೂರಿನಲ್ಲಿ ಡ್ರೈವಿಂಗ್ ಸ್ಕೂಲ್ ನಡೆಸುವವನು. ವಾರವೆಲ್ಲ ಕಲಿಯುವವರ ಪಕ್ಕ ಕೂತು "ನಿಧಾನ, ನಿಧಾನ, ಬ್ರೇಕು, ಬ್ರೇಕು" ಎಂದು ಜಪ ಮಾಡುತ್ತೇನೆ. ರಜೆ ಸಿಕ್ಕ ಭಾನುವಾರ ಮಣ್ಣಿನ ಟ್ರ್ಯಾಕಿನ ಕಾರ್ ರೇಸಿಗೆ ಹೋಗಿ ಆ ಜಪವನ್ನೆಲ್ಲ ಮರೆಯುತ್ತೇನೆ. ಚಲಪತಿಯೂ ಅದೇ ರೇಸುಗಳಲ್ಲಿ ಕಾರು ಓಡಿಸುತ್ತಾನೆ. ಓಡಿಸುತ್ತಾನೆ ಎಂದದ್ದು ಸೌಜನ್ಯಕ್ಕೆ. ಕ್ಯಾಲನೂರಿನ ಡೈರಿಗೆ ಹಾಲಿನ ಕ್ಯಾನು ಹೊತ್ತು ಹೋಗುವ ಮೊಪೆಡ್ಡು ಕೂಡ ಅವನ ಕಾರನ್ನು ಹಿಂದೆ ಹಾಕೀತು. ಆದರೂ ಅವನಿಗೆ ಸ್ಪಾನ್ಸರ್‌ಗಳ ಬರವಿಲ್ಲ. ಎದೆಯ ಮೇಲೆ ಹಿಂಡಿ-ಬೂಸಾ ಅಂಗಡಿ, ಬೆನ್ನ ಮೇಲೆ ಟೊಮೆಟೊ ಮಂಡಿ, ತೋಳಿನ ಮೇಲೆ ಸಸಿ ಮಾರುವ ನರ್ಸರಿ. ಹಿಂದೆ ಮುಂದೆ ಸುತ್ತಿ ವಿಡಿಯೊ ಮಾಡಲು ಒಬ್ಬ ಸ್ನೇಹಿತ ಬೇರೆ. ಅಂಬಲಿ ಕುಡಿಯುವವನಿಗೆ ಮೀಸೆ ತಿಕ್ಕುವವನೊಬ್ಬ ಎಂಬ ಮಾತನ್ನು ಹಿರಿಯರು ಇವನನ್ನು ನೋಡಿಯೇ ಹೇಳಿರಬೇಕು. ಟೈರು ಪಂಕ್ಚರ್ ಆದರೂ ಅದರ ಪಕ್ಕ ಕುಕ್ಕರಗಾಲಲ್ಲಿ ಕೂತು, ಕೈಮುಗಿದು, "ಎಲ್ರಿಗೂ ನಮಸ್ಕಾರ. ನಾವ್ ಸೋತ್ರೂ ನಮ್ ಹಸು ಈ ಬೂಸಾ ಬಿಡಲ್ಲ" ಎಂದು ರೀಲ್ಸ್ ಹಾಕುತ್ತಾನೆ. ನೋಡಬಾರದು ಎಂದುಕೊಂಡೇ ನಾನು ಅದನ್ನು ಮತ್ತೆ ಮತ್ತೆ ನೋಡುತ್ತೇನೆ. "ಅಷ್ಟು ಉರ್ಕೊಂಡು ಯಾಕ್ರೀ ನೋಡ್ತೀರಾ?" ಎನ್ನುತ್ತಾಳೆ ನನ್ನ ಹೆಂಡತಿ ಸುಜಾತ. ನೋಡದಿದ್ದರೆ ಉರಿಯುವುದಾದರೂ ಹೇಗೆ?

ನನ್ನದು ಗೆಲ್ಲುವ ಕೈ. ಆದರೆ ಕಾರಿನ ಟೈರುಗಳು ಸವೆದು ನನ್ನ ನೆತ್ತಿಯ ಹಾಗೆ ಬೋಳಾಗಿದ್ದವು. ಸ್ಪಾನ್ಸರ್ ಸಿಗದಿದ್ದರೆ ನನ್ನ ರೇಸಿಗೆ ಮಂಗಳ ಹಾಡಿದ ಹಾಗೆಯೇ. ಕೊನೆಗೆ, ಮುಳಬಾಗಿಲಿನಲ್ಲಿ ಹನಿ ನೀರಾವರಿ ಪೈಪಿನ ಅಂಗಡಿ ಇಟ್ಟಿರುವ ನಾರಾಯಣಪ್ಪನವರು ಒಲಿದರು. "ಟೈರು ಹಾಕಿಸ್ತೀನಪ್ಪಾ. ಆದ್ರೆ ಅಂಗಡಿ ಹೆಸ್ರು ಕಾಣ್ಬೇಕು. ಆ ಬೂಸಾ ಅಂಗಡಿಯೋನು ನನ್ ಷಡ್ಡಕ. ಎಲ್ ನೋಡಿದ್ರೂ ಅವನ ಹೆಸ್ರೇ ಕಾಣ್ತೈತೆ, ನನ್ ಕೈಲಿ ತಡ್ಕೊಳಕ್ಕಾಗ್ತಿಲ್ಲ" ಎಂದರು. ನನ್ನಂಥವರೇ ಒಬ್ಬರು ಸಿಕ್ಕರಲ್ಲ ಎಂದು ನನ್ನ ಕಣ್ಣು ತುಂಬಿ ಬಂತು.

ಕಾರಿನ ಬಾನೆಟ್ಟಿನ ಮೇಲೂ ನನ್ನ ಅಂಗಿಯ ಎದೆಯ ಮೇಲೂ ಪೈಪಿನಂಗಡಿಯ ಹೆಸರು ಬಂತು. ಅಷ್ಟಕ್ಕೆ ಸುಮ್ಮನಿರಬಹುದಿತ್ತು. ಆದರೆ ಹಿಂದಿನ ರೇಸಿನಲ್ಲಿ ಕೊನೆಯವನಾಗಿ ಬಂದ ಚಲಪತಿಗೆ ಅವನ ಊರಿನವರು ಸೇವಂತಿಗೆ ಹಾರ ಹಾಕಿದ್ದು ನನ್ನ ಎದೆಯಲ್ಲಿ ಮುಳ್ಳಾಗಿ ಕೂತಿತ್ತು. ನನ್ನ ಬಾಮೈದನನ್ನು ಕರೆದು, "ಲೇ ಮಂಜ, ಈ ಸಲ ನಾನೇ ಗೆಲ್ಲೋದು. ನೀನು ತರೋ ಹಾರದ ಮುಂದೆ ಚಲಪತಿ ಹಾರ ದಾರದ ಥರ ಕಾಣ್ಬೇಕು ಕಣೋ" ಎಂದೆ.

ಕೋಲಾರದ ಹೊರಗಿನ ಬಯಲಿನಲ್ಲಿ ರೇಸು ನಡೆಯಿತು. ಗೆದ್ದೆ. ಗೆದ್ದ ಕಾರಿನ ಬಾನೆಟ್ಟು ಕೆಮ್ಮಣ್ಣಿನಲ್ಲಿ ಮುಳುಗಿತ್ತು. ಎಲ್ಲ ಡ್ರೈವರುಗಳನ್ನೂ ವೇದಿಕೆಗೆ ಕರೆದರು. ಗೆದ್ದವನಿಗೆ ನಮ್ಮಲ್ಲಿ ಸನ್ಮಾನ ಮಾಡದೆ ಬಿಡುತ್ತಾರೆಯೇ? ತಲೆಗೆ ಪೇಟ ಇಟ್ಟರು, ಶಾಲು ಹೊದಿಸಿದರು. ಆಮೇಲೆ ಮಂಜ ನಾಲ್ಕು ಜನರ ಸಹಾಯದಿಂದ ಹಾರ ಎತ್ತಿಕೊಂಡು ಬಂದ. ಗದ್ದದಿಂದ ಮೊಣಕಾಲಿನವರೆಗೆ ಗುಲಾಬಿ. ಪಕ್ಕದಲ್ಲಿ ಬರಿಗೊರಳಿನ ಚಲಪತಿ ಕೈಗಳನ್ನು ಹಿಂದೆ ಕಟ್ಟಿ, ಎದೆ ಮುಂದೆ ಮಾಡಿ ನಿಂತಿದ್ದ. ಆ ಬರಿಗೊರಳು ನೋಡಿ ನನ್ನ ಹೊಟ್ಟೆ ತಣ್ಣಗಾಯಿತು.

ಮಾರನೆಯ ದಿನ ಪೇಪರಿನಲ್ಲಿ ಫೋಟೊ ಬಂತು. ಅದರ ಹಿಂದೆಯೇ ನಾರಾಯಣಪ್ಪನವರ ಫೋನೂ ಬಂತು, ಸಿಟ್ಟಿನಲ್ಲಿ ಮೊದಲು ತೆಲುಗಿನಲ್ಲೇ. "ಏಮಪ್ಪಾ, ನಾ ಅಂಗಡಿ ಪೇರು ಏದಿ? ಎಲ್ಲೈತೆ ನನ್ ಅಂಗಡಿ ಹೆಸ್ರು?"

"ಹಾರದ ಕೆಳಗಿದೆ ಸಾರ್."

"ಹಾರ ಎತ್ತಿ ಯಾರಪ್ಪಾ ನೋಡ್ತಾರೆ? ಪಕ್ಕದಲ್ಲಿ ಬೂಸಾ ನೋಡು, ಕುರುಡನಿಗೂ ಕಾಣ್ತೈತೆ. ನನ್ ಷಡ್ಡಕ ಬೆಳಗ್ಗೆಯಿಂದ ಅದೇ ಫೋಟೊ ಕಳಿಸ್ತಾವ್ನೆ."

"ಆದ್ರೆ ಗೆದ್ದಿದ್ದು ನಾನಲ್ವಾ ಸಾರ್?"

"ನೀನ್ ಗೆದ್ದೆ, ಹೂವಿನಂಗಡಿಯೋನಿಗೆ ಪ್ರಚಾರ ಆಯ್ತು. ನಂಗೇನಾಯ್ತು?"

ಮುಂದಿನ ರೇಸಿಗೆ ಪೈಪಿನಂಗಡಿ ಚಲಪತಿಯ ಎದೆಗೆ ಹೋಯಿತು. ಬೂಸಾ ಸ್ವಲ್ಪ ಸರಿದು ಜಾಗ ಕೊಟ್ಟಿತಂತೆ. ಚಲಪತಿಯೇ ಫೋನ್ ಮಾಡಿ, "ಅಣ್ಣಾ, ಬೇಜಾರ್ ಮಾಡ್ಕೋಬೇಡ. ಗೆಲ್ಲೋದು ನಿನ್ ಕೆಲ್ಸ. ನಾನು ಸುಮ್ನೆ ಫೋಟೊಗೆ ನಿಂತ್ಕೊಳ್ಳೋನು" ಎಂದ. ಅವನ ದನಿಯಲ್ಲಿ ಕೊಂಕಿರಲಿಲ್ಲ. ಅದಕ್ಕೇ ಇನ್ನಷ್ಟು ಉರಿಯಿತು. ಗೆಲ್ಲುವ ಭರದಲ್ಲಿ ಹೊಸ ಟೈರುಗಳನ್ನೂ ಸವೆಸಿದ್ದ ನನಗೆ ಮುಂದಿನ ರೇಸಿನಲ್ಲಿ ಬೇಲಿಯಾಚೆ ನಿಂತು ನೋಡುವುದೇ ಗತಿ.

ಸುಮ್ಮನೆ ನೋಡುತ್ತ ನಿಲ್ಲುವ ಜೀವವಲ್ಲ ನನ್ನದು. ಈಗ ದಿನಾ ಬೆಳಗ್ಗೆ ಚಲಪತಿಗೆ ನಾನೇ ಪಾಠ ಹೇಳುತ್ತಿದ್ದೇನೆ, ತಿರುವಿನಲ್ಲಿ ಎಲ್ಲಿ ಬ್ರೇಕು ಹಿಡಿಯಬೇಕು, ಎಲ್ಲಿ ಬಿಡಬೇಕು ಎಂದು. "ಎಷ್ಟು ದೊಡ್ಡ ಮನಸ್ಸು ರೀ ನಿಮ್ದು!" ಎಂದಳು ಸುಜಾತ. ಮಂಜನಿಗೆ ಹಾರವನ್ನೂ ಹೇಳಿದ್ದೇನೆ, ನನ್ನದಕ್ಕಿಂತ ಒಂದು ಗೇಣು ಉದ್ದ. ಗೆದ್ದ ಚಲಪತಿಗೆ ನಾನೇ ಹಾಕುತ್ತೇನೆ, ಬೂಸಾ, ಪೈಪು ಎರಡೂ ಮುಚ್ಚುವ ಹಾಗೆ. ಎಲ್ಲವೂ ಸಜ್ಜಾಗಿದೆ. ಆದರೆ ನಿನ್ನೆ ಅವನು ಕಡೆಯ ತಿರುವನ್ನು ಥೇಟ್ ನನ್ನ ಹಾಗೆಯೇ ತೆಗೆದುಕೊಂಡಾಗಿನಿಂದ ನನಗೆ ಊಟ ಸೇರುತ್ತಿಲ್ಲ. ವೇದಿಕೆಯ ಮೇಲೆ ಹಾರ ಹಾಕಬೇಕಾದರೆ ಅವನು ಮೊದಲು ಗೆಲ್ಲಬೇಕು ಎಂಬುದು ನನಗೆ ಈಗ ಸರಿಯಾಗಿ ಅರ್ಥವಾಗಿದೆ.