ಮೇಕೆಗೂ ಮರ್ಯಾದೆ ಕೊಟ್ಟ ಕಮಾಂಡರ್

ನಗು ಬರಿಸುವ ಸಂಗತಿಗಳನ್ನು ಹುಡುಕಿಕೊಂಡು ನಾನು ಯಾವತ್ತೂ ಹೋದವನಲ್ಲ. ಹಗ್ಗ, ಡ್ರಮ್ಮು, ಟೆಂಟು ತುಂಬಿಕೊಂಡು ಟೆಂಪೋ ನಿಲ್ಲಿಸಿದ ಕಡೆಯೆಲ್ಲ ಅವೇ ಬಂದು ಹತ್ತಿ ಕೂರುತ್ತವೆ. ಏಳನೇ ಕ್ಲಾಸಿನಲ್ಲಿ ಶಾಲೆಗೆ ನಾನು ಸಾಕಾದೆ, ನನಗೂ ಶಾಲೆ ಸಾಕಾಯಿತು. ಅಲ್ಲಿಂದಾಚೆ ಲಾರಿ ಕ್ಲೀನರು, ಮಾವಿನ ಮಂಡಿ, ಶಾಮಿಯಾನ, ಹೋಟೆಲು ಅಂತ ಕೋಲಾರದ ಸುತ್ತ ಸುತ್ತಿದ್ದೇ ಸುತ್ತಿದ್ದು. ಯಾರಾದರೂ ಗದರಿಸಿ ‘ಹೀಗೆ ಮಾಡು’ ಅಂದರೆ ಸಾಕು, ಮಾರನೇ ದಿನ ನಾನು ಬೇರೆ ಊರಲ್ಲಿರುತ್ತಿದ್ದೆ. ಅಂಥವನಿಗೆ ಈಗ ಕೆಲಸ ಸಿಕ್ಕಿರುವುದು, ಇನ್ನೊಬ್ಬರ ಕೈಲಿ ಮಾತು ಕೇಳಿಸುವುದು ಹೇಗೆ ಅಂತ ಕಲಿಸುವ ಜಾಗದಲ್ಲಿ. ಮೊದಲನೇ ತಮಾಷೆ ಇದೇ ಅಂದುಕೊಳ್ಳಿ.

ಕಲಿಸುವವರು ಒಬ್ಬ ನಿವೃತ್ತ ಸುಬೇದಾರರು. ರಜೆ ದಿನಗಳಲ್ಲಿ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಾಲೇಜು ಕೆಡೆಟ್‌ಗಳನ್ನು ಕೆರೆ ಬಯಲಿಗೋ ಗುಡ್ಡಕ್ಕೋ ಕರೆದುಕೊಂಡು ಹೋಗಿ, ಸೈನ್ಯದ ಆಫೀಸರ್‌ಗಳ ಬಯಲು ತರಬೇತಿಗೆ ತಯಾರು ಮಾಡುತ್ತಾರೆ. ಸಾಮಾನು ಹೊರುವುದು ನನ್ನ ಟೆಂಪೋ. ಆ ತರಬೇತಿಗೆ ನಮ್ಮ ಗುಂಪಿನಿಂದ ಹೋಗುವುದು ಒಬ್ಬರೇ. ಕೊನೆಯಲ್ಲಿ ಒಬ್ಬ ಕರ್ನಲ್ ಸಾಹೇಬರು ಬಂದು, ನೋಡಿ, ಆರಿಸುತ್ತಾರೆ.

ಈ ಸಲದ ಗುಂಪಿನಲ್ಲಿ ಬೈರಕೂರು ಕಡೆಯ ಒಬ್ಬ ಹುಡುಗಿ ಇದ್ದಳು. ಓಟದಲ್ಲಿ ಮುಂದು, ಹಗ್ಗ ಹತ್ತುವುದರಲ್ಲಿ ಮುಂದು, ನಕ್ಷೆ ಕೊಟ್ಟರೆ ಕಣ್ಣು ಮುಚ್ಚಿ ದಾರಿ ಹೇಳುವಳು. ಡಿಗ್ರಿಯ ಕೊನೇ ವರ್ಷ, ಹಾಗಾಗಿ ಕೊನೇ ಅವಕಾಶ. ಕೊರತೆ ಒಂದೇ. ಅವಳಿಗೆ ಅಪ್ಪಣೆ ಮಾಡುವುದಕ್ಕೆ ಬರುತ್ತಿರಲಿಲ್ಲ.

ಮರದ ದಿಮ್ಮಿ

ಮಾಲೂರಿನ ಬಯಲಲ್ಲಿ ಮೊದಲ ಪರೀಕ್ಷೆ. ಒಂದು ನೀಲಗಿರಿ ದಿಮ್ಮಿಯನ್ನು ನೆಲಕ್ಕೆ ತಾಗಿಸದೆ ಹಳ್ಳ ದಾಟಿಸಬೇಕು. ಈ ಹುಡುಗಿ ಕಮಾಂಡರ್. ಕೈಕೆಳಗೆ ದಾಂಡಿಗರಂಥ ಹುಡುಗರು.

“ಅಣ್ಣ, ನೀವು ಸ್ವಲ್ಪ ಆ ತುದಿ ಹಿಡ್ಕೊಳ್ತೀರಾ? ಬೇಜಾರಿಲ್ಲ ಅಂದ್ರೆ?” ಅಂದಳು.

ಆ ಅಣ್ಣ ಅವಳಿಗಿಂತ ಎರಡು ವರ್ಷ ಚಿಕ್ಕವನು. “ಅಕ್ಕ, ಬಿಸ್ಲು ಜಾಸ್ತಿ ಐತೆ, ಒಂದು ನಿಮಿಷ ಸುಧಾರಿಸ್ಕೊಂಡು ಹಿಡೀಲಾ?” ಅಂದ.

“ಆಗ್ಲಿ, ಪಾಪ” ಅಂದಳು. ಎಲ್ಲರೂ ದಿಮ್ಮಿಯ ಮೇಲೆ ಸಾಲಾಗಿ ಕೂತರು. ಇವಳು ನೀರಿನ ಬಾಟಲಿ ಹಂಚಿದಳು.

ಸುಬೇದಾರರು ವಿಸಿಲ್ ಊದಿ ಊದಿ ಕೆಂಪಾದರು. “ಏನಮ್ಮಾ, ನೀನು ಆರ್ಡರ್ ಕೊಡ್ತಿದ್ದೀಯೋ, ತಾಲ್ಲೂಕಾಫೀಸಿಗೆ ಅರ್ಜಿ ಕೊಡ್ತಿದ್ದೀಯೋ?”

ಹುಡುಗಿ ತಲೆ ತಗ್ಗಿಸಿ, “ತಪ್ಪಾಯ್ತು ಸರ್, ದಯವಿಟ್ಟು ಇನ್ನೊಂದು ಅವಕಾಶ ಕೊಡಿ” ಅಂದಳು.

“ನೋಡು, ಮತ್ತೆ ಅರ್ಜಿ!” ಅಂದರು ಸುಬೇದಾರರು.

ಹಲಸಿನ ಸೊಪ್ಪು

ಶ್ರೀನಿವಾಸಪುರದ ಒಂದು ಮಾವಿನ ತೋಪಿನ ಪಕ್ಕ, ಮೈಗೆಲ್ಲ ಸೊಪ್ಪು ಕಟ್ಟಿಕೊಂಡು ಶತ್ರುವಿನ ಕಣ್ಣಿಗೆ ಬೀಳದೆ ಮಲಗುವ ಪಾಠ. ಮಾವಿನ ಕೊಂಬೆ ಮುರಿದರೆ ತೋಪಿನವರು ಬೈಯುತ್ತಾರೆ ಅಂತ, ಬೇಲಿ ಪಕ್ಕದ ಹಲಸಿನ ಮರದಿಂದ ಸೊಪ್ಪು ತಂದುಕೊಟ್ಟವನು ನಾನೇ. ತಲೆಗೆ, ಹೆಗಲಿಗೆ, ಬೆನ್ನಿಗೆ ಕಟ್ಟಿಕೊಂಡು ಎಲ್ಲರೂ ಬದುವಿನುದ್ದ ಬೋರಲು ಬಿದ್ದರು.

“ಏನೇ ಆಗ್ಲಿ, ಅಲುಗಾಡಬಾರದು! ಗುಂಡು ಹಾರಿದ್ರೂ ಅಲುಗಾಡಬಾರದು!” ಅಂದರು ಸುಬೇದಾರರು.

ಗುಂಡೇನೂ ಹಾರಲಿಲ್ಲ. ಮೇಕೆಗಳು ಬಂದವು.

ಹಲಸಿನ ಸೊಪ್ಪು ಅಂದರೆ ಮೇಕೆಗೆ ಹಬ್ಬದೂಟ ಅನ್ನುವುದು ನನಗೆ ಆಗ ಹೊಳೆಯಲಿಲ್ಲ. ಇಡೀ ಮಂದೆ ಬದುವಿನ ಮೇಲೆ ಪಂಕ್ತಿ ಹಾಕಿಕೊಂಡು ನಿಂತಿತು. ಒಬ್ಬೊಬ್ಬ ಕೆಡೆಟ್‌ಗೆ ಎರಡೆರಡು ಮೇಕೆ. ಹುಡುಗರು ಉಸಿರು ಬಿಗಿಹಿಡಿದು ಮಲಗಿದ್ದರು. ಮೇಕೆಗಳು ಅವರ ಬೆನ್ನನ್ನು ನಿಧಾನವಾಗಿ ಬೋಳಿಸುತ್ತಿದ್ದವು. ಹಿಂದೆ ಬಂದ ಮೇಕೆ ಕಾಯುವ ಹೆಂಗಸು ಸೊಂಟಕ್ಕೆ ಕೈಯಿಟ್ಟು ನೋಡಿ, “ಏಳ್ರಪ್ಪೋ, ಸೊಪ್ಪು ಮುಗುದ್ ಮೇಲೆ ಅಂಗಿ ತಿಂತಾವೆ” ಅಂದಳು. ಹುಡುಗರು ಬಿದ್ದೆನೋ ಎದ್ದೆನೋ ಅಂತ ಓಡಿದರು.

ಅಲುಗದೆ ಉಳಿದದ್ದು ನಮ್ಮ ಬೈರಕೂರಿನ ಹುಡುಗಿ ಒಬ್ಬಳೇ. ಒಂದು ಹೋತ ಅವಳ ತಲೆಯ ಮೇಲಿನ ಸೊಪ್ಪನ್ನು ಮುಗಿಸಿ ಜಡೆಗೆ ಬಾಯಿ ಹಾಕಿತ್ತು. ಸುಬೇದಾರರಿಗೆ ಹೆಮ್ಮೆ ಉಕ್ಕಿತು. “ನೋಡಿ, ಇದು ಶಿಸ್ತು!” ಅನ್ನುತ್ತಾ ಹತ್ತಿರ ಹೋದರು. ನಾನೂ ಹೋದೆ.

ಹುಡುಗಿ ತುಟಿ ಮಾತ್ರ ಅಲ್ಲಾಡಿಸುತ್ತಾ ಹೋತಕ್ಕೆ ಹೇಳುತ್ತಿದ್ದಳು: “ಆ ಕಡೆ ಹೋಗಿ... ಸ್ವಲ್ಪ ಆ ಕಡೆ ಹೋಗಿ...”

ಸುಬೇದಾರರು ನನ್ನ ಮುಖ ನೋಡಿದರು. “ಮೇಕೆಗೂ ಮರ್ಯಾದೆ ಕೊಡ್ತಾಳಲ್ಲಯ್ಯಾ, ಇವಳನ್ನ ಯಾವ ಸೈನ್ಯಕ್ಕೆ ಕಳಿಸ್ಲಿ?”

ಒಂದೇ ಜಗಲಿ

ಮುಳಬಾಗಿಲಿನ ಆಚೆ, ಬೈರಕೂರಿನ ಸುತ್ತಮುತ್ತ ಇನ್ನೊಂದು ಅಭ್ಯಾಸ. ಎರಡು ತಂಡ. ಒಂದು ತಂಡ ಯಾರಿಗೂ ಕಾಣದೆ ಹಳ್ಳಿ ದಾಟಬೇಕು, ಇನ್ನೊಂದು ತಂಡ ಹಿಡಿಯಬೇಕು. ಹಿಡಿಯುವ ತಂಡಕ್ಕೆ ನಮ್ಮ ಹುಡುಗಿ ನಾಯಕಿ.

ಮಧ್ಯಾಹ್ನವಾದರೂ ಯಾರೂ ಯಾರನ್ನೂ ಹಿಡಿಯಲಿಲ್ಲ, ಯಾರೂ ಊರು ದಾಟಲಿಲ್ಲ. ಸುಬೇದಾರರೂ ನಾನೂ ಹುಡುಕಿಕೊಂಡು ಹೋದೆವು. ಒಂದು ಮನೆಯ ಗೋಡೆಗೆ ಮರದ ಬಂದೂಕುಗಳನ್ನೆಲ್ಲ ಒರಗಿಸಿಟ್ಟಿದ್ದರು. ಜಗಲಿಯ ಮೇಲೆ ಎರಡೂ ತಂಡ ಎದುರುಬದುರು ಕೂತು ಮುದ್ದೆ, ಅವರೆಕಾಯಿ ಸಾರು ಉಣ್ಣುತ್ತಿದ್ದವು.

“ಏನ್ರೋ ಇದು? ನೀವು ಶತ್ರುಗಳು ಕಣ್ರೋ!” ಅಂತ ಗುಡುಗಿದರು ಸುಬೇದಾರರು.

ಒಬ್ಬ ಹುಡುಗ ಬಾಯಲ್ಲಿ ಮುದ್ದೆ ಇಟ್ಟುಕೊಂಡೇ, “ಸರ್, ನಾವು ಬಚ್ಚಿಟ್ಕೊಂಡೇ ಬಂದ್ವಿ. ಈ ಮನೆಯಮ್ಮ ಕರೆದ್ರು. ಒಳಗೆ ಬಂದ್ರೆ ಇವ್ರು ಆಗ್ಲೇ ಎರಡನೇ ಮುದ್ದೆಯಲ್ಲಿದ್ರು” ಅಂದ.

ಮನೆಯಾಕೆ ಸೌಟು ಹಿಡಿದು ಹೊರಗೆ ಬಂದಳು. “ಮುಂದು ತಿನನೀ ಸಾಮಿ, ತರ್ವಾತ ಕೊಟ್ಲಾಡ್ಕೋನೀ” ಅಂದಳು ತೆಲುಗಿನಲ್ಲಿ. ಮೊದಲು ತಿನ್ನಲಿ, ಆಮೇಲೆ ಕಿತ್ತಾಡಲಿ ಅಂತ. ಆಮೇಲೆ ಕನ್ನಡಕ್ಕೆ ತಿರುಗಿ, “ನೀವ್ಯಾಕೆ ನಿಂತಿದ್ದೀರಾ, ಕೈ ತೊಳ್ಕೊಳ್ಳಿ” ಅಂದಳು. ಬೈಯುವುದಕ್ಕೆ ಬಂದವರು ಬಂದೂಕಿನ ಪಕ್ಕ ಕೋಲು ಒರಗಿಸಿ ಕೂತೇಬಿಟ್ಟರು.

ವಾಪಸ್ಸು ಬರುವಾಗ ಟೆಂಪೋದಲ್ಲಿ ಸುಬೇದಾರರು ಸೀಟಿಗೆ ಒರಗಿ ಕೂತರು. ಆಮೇಲೆ, “ಹಿಮದಲ್ಲಿ ತಿಂಗಳುಗಟ್ಟಲೆ ಇದ್ದವನು ನಾನು. ಅಲ್ಲಿ ಊಟ ಇತ್ತು. ಊಟ ಆಯ್ತಾ ಅಂತ ಕೇಳೋರು ಇರ್ಲಿಲ್ಲ” ಅಂದರು. ನಾನು ಗೇರು ಬದಲಾಯಿಸಿದೆ.

ಸ್ವಲ್ಪ ದೂರ ಹೋದ ಮೇಲೆ ಅವರೇ ಶುರು ಮಾಡಿದರು. “ಆ ಹುಡುಗಿ ಹೆದರುಪುಕ್ಕಲಿ ಅಲ್ಲ. ಆದ್ರೆ ಆ ಬಾಯಿಂದ ಒಂದು ಆರ್ಡರ್ ಬರ್ಲಿಲ್ಲ ಅಂದ್ರೆ ಕರ್ನಲ್ ಸಾಹೇಬ್ರು ಆರಿಸಲ್ಲ. ನಾನು ಹೇಳಿದ್ರೂ ಆರಿಸಲ್ಲ.”

ನನಗೂ ಯೋಚನೆಯಾಯಿತು. ನಮ್ಮ ಕಡೆ ಹೆಣ್ಣುಮಕ್ಕಳಿಗೆ ಹುಟ್ಟಿದಾಗಿನಿಂದ ಕೇಳಿಕೊಳ್ಳುವುದನ್ನು ಕಲಿಸಿರುತ್ತೇವೆ, ಹೇಳುವುದನ್ನಲ್ಲ. ಇಪ್ಪತ್ತು ವರ್ಷ ಕಲಿಸಿದ್ದನ್ನು ನಾಲ್ಕು ಭಾನುವಾರದಲ್ಲಿ ಮರೆತುಬಿಡು ಅಂದರೆ ಅವಳಾದರೂ ಏನು ಮಾಡಬೇಕು? ಇದನ್ನೇ ಸುಬೇದಾರರಿಗೆ ಹೇಳಿದೆ.

“ನಿನಗೆ ಯಾರ ಮಾತೂ ಕೇಳೋದು ಮರೆತುಹೋಗಿದೆಯಲ್ಲ, ಅದ್ಹೇಗೆ ಮರೆತೆ ಅಂತ ಅವಳಿಗೆ ಹೇಳಿಕೊಡು” ಅಂದರು.

ಒಂಟಿ ಬಂಡೆ

ಕೊನೇ ದಿನ ಟೇಕಲ್ ಗುಡ್ಡದಲ್ಲಿ. ಶತ್ರು ತಂಡ ಬಂಡೆಗಳ ನಡುವೆ ಎಲ್ಲೋ ಅಡಗಿತ್ತು. ಅವರಿಗೆ ಕಾಣದಂತೆ ಹತ್ತಿರ ಹೋಗಿ ಸುತ್ತುವರಿಯುವುದು ನಮ್ಮ ಹುಡುಗಿಯ ತಂಡದ ಕೆಲಸ. ಕರ್ನಲ್ ಸಾಹೇಬರು ಒಂದು ಒಂಟಿ ಬಂಡೆಯ ಹಿಂದೆ ಕುಕ್ಕರಗಾಲಲ್ಲಿ ಕೂತು ದುರ್ಬೀನಿನಲ್ಲಿ ನೋಡುತ್ತಿದ್ದರು. ಅವರು ಅಲ್ಲಿರುವುದು ಯಾವ ತಂಡಕ್ಕೂ ಗೊತ್ತಿರಲಿಲ್ಲ. ಪಕ್ಕದಲ್ಲಿ ಸುಬೇದಾರರು, ಹಿಂದೆ ನೀರಿನ ಕ್ಯಾನು ಹಿಡಿದ ನಾನು, ಇಬ್ಬರೂ ಬಗ್ಗಿ ನಿಂತಿದ್ದೆವು.

ಕೆಳಗೆ ಹುಡುಗಿ ತಂಡವನ್ನು ಹುಣಸೆ ಮರದ ನೆರಳಿಗೆ ಕೂರಿಸಿ, ತಾನು ಹೋಗಿ ಹಸು ಮೇಯಿಸುತ್ತಿದ್ದ ಒಬ್ಬ ಅಜ್ಜಿಯ ಪಕ್ಕ ಕೂತಳು. ಎಲೆಅಡಿಕೆ ಹಾಕಿಕೊಂಡು ಹರಟೆ ಶುರು.

“ಇದೇನಿದು?” ಅಂದರು ಕರ್ನಲ್ಲು.

“ಅರ್ಜಿ ಕೊಡ್ತಿದ್ದಾಳೆ ಸರ್” ಅಂದರು ಸುಬೇದಾರರು, ಸೋತ ದನಿಯಲ್ಲಿ.

ಅಲ್ಲಿ ಆದ ಮಾತು ಆಮೇಲೆ ತಿಳಿಯಿತು. ಇವಳು “ಊಟ ಆಯ್ತಾ ಅಜ್ಜಿ?” ಅಂದಿದ್ದಾಳೆ, ಅಷ್ಟೇ. ಅಜ್ಜಿ ಗುಡ್ಡದ ಸಮಾಚಾರವನ್ನೆಲ್ಲ ಬಿಚ್ಚಿದ್ದಾಳೆ. “ನಿನ್ನಂಗೇ ಬಟ್ಟೆ ಹಾಕ್ಕೊಂಡಿರೋ ಹೈಕ್ಳು ಆ ಜೋಡಿ ಬಂಡೆ ಸಂದಿಯಾಗವ್ರೆ. ಒಬ್ಬ ನಿದ್ದೆ ಹೊಡೀತವ್ನೆ. ಆ ಒಂಟಿ ಬಂಡೆ ಹಿಂದೆ ಒಬ್ಬ ದಪ್ಪ ಮೀಸೆಯಪ್ಪ ಕುಕ್ಕರಗಾಲಲ್ಲಿ ಕುಂತವ್ನೆ. ಆವಾಗಿಂದ ಎದ್ದೇ ಇಲ್ಲ. ಪಾಪ, ಹೊಟ್ಟೆ ಕೆಟ್ಟೈತೇನೋ.”

ಜೋಡಿ ಬಂಡೆಯವರಿಗೆ ಕಾಣದೆ ಮೇಲೆ ಬರುವುದಕ್ಕೆ ಇದ್ದ ದಾರಿ ಒಂಟಿ ಬಂಡೆಯ ಹಿಂದಿನದು ಒಂದೇ. ಹುಡುಗಿ ತಂಡವನ್ನು ಪೊದೆಗಳಲ್ಲಿ ಬಿಟ್ಟು ತೆವಳಿಕೊಂಡು ನೇರ ನಮ್ಮ ಹತ್ತಿರವೇ ಬಂದಳು.

ಕರ್ನಲ್‌ಗೆ ಆಶ್ಚರ್ಯವೂ ಆಯಿತು, ಖುಷಿಯೂ ಆಯಿತು. “ಭಲೇ! ನನ್ನನ್ನ ಹೇಗೆ ಪತ್ತೆ ಮಾಡಿದೆ?” ಅನ್ನುತ್ತಾ ಎದ್ದು ನಿಲ್ಲುವುದಕ್ಕೆ ಹೋದರು. ಅವರ ಟೋಪಿ ಬಂಡೆಗಿಂತ ಮೇಲೆ ಬಂತು. ಆ ಕಡೆ ಜೋಡಿ ಬಂಡೆಯಲ್ಲಿ ಒಂದು ತಲೆ ತಿರುಗಿತು.

ಹುಡುಗಿ ಅವರ ತೋಳು ಹಿಡಿದು ಕೆಳಕ್ಕೆ ಜಗ್ಗಿದಳು. “ಕೂತ್ಕೋ! ತಲೆ ತಗ್ಸು! ನಾನು ಹೇಳೋವರ್ಗೂ ಏಳ್ಬೇಡ!”

ಕರ್ನಲ್ಲು ದೊಪ್ಪನೆ ಕೂತರು. ಸುಬೇದಾರರು ಕೂತರು. ಜೀವಮಾನದಲ್ಲಿ ಯಾರ ಮಾತೂ ಕೇಳದ ನಾನು ಕ್ಯಾನಿನ ಸಮೇತ ಕೂತೆ.

ಅವಳು ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. ಕೈಸನ್ನೆ ಮಾಡಿದಳು. ಪೊದೆಗಳಿಂದ ತಂಡ ಎದ್ದಿತು. “ನೀನು ಎಡಕ್ಕೆ! ನೀವಿಬ್ರು ಮೇಲಿಂದ! ನಡೀರಿ!” ಸ್ವಲ್ಪ ಹೊತ್ತಿಗೆ ಶತ್ರುಗಳೆಲ್ಲ ಕೈ ಎತ್ತಿಕೊಂಡು ಸಾಲಾಗಿ ಬಂದರು. ನಿದ್ದೆಯಲ್ಲಿದ್ದವನನ್ನು ಅವರೇ ಎಬ್ಬಿಸಿಕೊಂಡು ಬಂದರು.

ಎಲ್ಲ ಮುಗಿದರೂ ಕರ್ನಲ್ ಸಾಹೇಬರು ಕೂತೇ ಇದ್ದರು.

“ಸರ್, ಏಳಿ, ಮುಗೀತು” ಅಂದರು ಸುಬೇದಾರರು.

“ನಿಮ್ಮ ಮಾತಿಗೆ ಹೇಗ್ರೀ ಏಳ್ಲಿ? ಕೂರಿಸಿದವರು ಹೇಳ್ಬೇಕು” ಅಂದರು ಕರ್ನಲ್ಲು.

ಹುಡುಗಿಗೆ ಆಗ ತಾನು ಏನು ಮಾಡಿದ್ದೇನೆ ಅಂತ ಅರಿವಾಯಿತು. ಓಡಿಬಂದು, ಸೆಲ್ಯೂಟ್ ಹೊಡೆದು, ಕಿವಿಯವರೆಗೂ ಕೆಂಪಾಗಿ ನಿಂತಳು.

“ಸರ್... ಬೇಜಾರಿಲ್ಲ ಅಂದ್ರೆ... ದಯವಿಟ್ಟು ಸ್ವಲ್ಪ ಏಳ್ತೀರಾ?”

ಸುಬೇದಾರರು ಹಣೆ ಚಚ್ಚಿಕೊಂಡರು.

ಕರ್ನಲ್ಲು ಬಂಡೆ ಹಿಡಿದುಕೊಂಡು ನಿಧಾನವಾಗಿ ಎದ್ದರು. “ಇವಳನ್ನೇ ಕಳಿಸ್ರೀ” ಅಂದರು. ಮಂಡಿ ಉಜ್ಜಿಕೊಂಡು, “ಆದ್ರೆ ಆ ‘ದಯವಿಟ್ಟು’ನ ಈ ಗುಡ್ಡದಲ್ಲೇ ಬಿಟ್ಟು ಬರ್ಬೇಕು” ಅಂದರು.

ಹುಡುಗಿ ಬಾಯಿ ತೆರೆಯುವಷ್ಟರಲ್ಲಿ ಕೆಳಗಿನಿಂದ ಅಜ್ಜಿ ಏದುಸಿರು ಬಿಡುತ್ತಾ ಹತ್ತಿ ಬಂದಳು, ಕೈಯಲ್ಲಿ ಒಂದು ಚೊಂಬು. ನೇರ ಕರ್ನಲ್ ಸಾಹೇಬರ ಮುಂದೆ ಹಿಡಿದು ಹೇಳಿದಳು:

“ಎದ್ಯೇನಪ್ಪಾ? ಒಳ್ಳೇದಾಯ್ತು. ತಗೋ, ಮಜ್ಜಿಗೆ ಕುಡಿ, ಹೊಟ್ಟೆ ನಿಲ್ತದೆ.”

ಕರ್ನಲ್ಲು ಒಂದು ಸಲ ಹುಡುಗಿಯನ್ನು ನೋಡಿದರು, ಒಂದು ಸಲ ಅಜ್ಜಿಯನ್ನು ನೋಡಿದರು. ನೆಟ್ಟಗೆ ನಿಂತು ಚೊಂಬು ಎತ್ತಿ ಕುಡಿದರು.